ಲಾಕ್ ಬಿಡಿಸಿದ ಚಾಲಕ

"ಗುರುಗಳೇ, ಮೂರು ವರ್ಷದ ಹಿಂದೆ ಅಣ್ಣನ ಮೇಲೆ ಕೈ ಎತ್ತುವಷ್ಟು ಸಿಟ್ಟು ಬಂದಿತ್ತು. ಇನ್ನು ಅವನ ಜೊತೆ ಮಾತಾಡುವುದಿಲ್ಲವೆಂದು ಆಣೆ ಇಟ್ಟುಕೊಂಡೆ. ಆ ಆಣೆಯೇ ನನ್ನ ಕೈ ತಡೆಯಿತು. ಈಗ ಸಿಟ್ಟಿಲ್ಲ. ಆದರೂ ನನ್ನನ್ನು ಕಾಪಾಡಿದ್ದನ್ನು ಬಿಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಮಠಕ್ಕೆ ಬರುವ ಮೊದಲು ಬೆಟ್ಟದ ದಾರಿಯಲ್ಲಿ ಜೀಪು ಓಡಿಸಿದವರು. ಶಾಸ್ತ್ರ ಕೇಳಿದರೆ ಗೇರುಪೆಟ್ಟಿಗೆಯ ಮಾತು ತೆಗೆಯುತ್ತಾರೆಂದು ಶಿಷ್ಯರು ಒಳಗೊಳಗೇ ನಗುತ್ತಿದ್ದರು.

"ನಡುವೆ ಬಾಯಿ ಹಾಕದೆ ಕೇಳು," ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಬೆಟ್ಟದ ಮೇಲೊಂದು ಊರು. ಅಲ್ಲಿಂದ ಆಸ್ಪತ್ರೆಗೆ ಬರಬೇಕಾದರೆ ಕೆಸರು ತುಂಬಿದ ಹಳ್ಳ ದಾಟಬೇಕು, ಆಮೇಲೆ ಕಣಿವೆಯ ಅಂಚಿನ ತಿರುವುಗಳಲ್ಲಿ ಇಳಿಯಬೇಕು. ಜೀಪಿಗೆ ನಾಲ್ಕೂ ಚಕ್ರದ ಎಳೆತವಿದ್ದರೂ ಕೆಸರಿನಲ್ಲಿ ಜಾರುವ ಚಕ್ರ ಗಿರಗಿರ ತಿರುಗುತ್ತದೆ, ಅದರ ಜೋಡಿ ಸುಮ್ಮನಿರುತ್ತದೆ. ಡಿಫರೆನ್ಷಿಯಲ್ ಲಾಕ್ ಹಾಕಿದರೆ ಹಿಂದಿನ ಎರಡೂ ಚಕ್ರ ಒಂದಕ್ಕೊಂದು ಕಟ್ಟಿದಂತಾಗಿ ಒಟ್ಟಿಗೇ ತಿರುಗುತ್ತವೆ. ಆದರೆ ಆ ಬೆಟ್ಟದ ಚಾಲಕರಿಗೆ ಒಂದು ಒಣಜಂಭವಿತ್ತು. ಜೀಪು ಹೂತ ಮೇಲಷ್ಟೇ ಲಾಕ್ ಹಾಕುವುದು. ಮೊದಲೇ ಹಾಕಿದವನು ಪುಕ್ಕಲ. ಒಬ್ಬ ಚಾಲಕ ಮಾತ್ರ ಮೊದಲೇ ಹಾಕುತ್ತಿದ್ದ. ಸ್ಟ್ಯಾಂಡಿನಲ್ಲಿ ಎಲ್ಲರೂ ಅವನನ್ನು ಆಡಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಒಬ್ಬ ರೈತನ ಹೆಂಡತಿಗೆ ಹಾವು ಕಚ್ಚಿತು. ಸ್ಟ್ಯಾಂಡಿನಲ್ಲಿ ಇದ್ದದ್ದು ಆ ಪುಕ್ಕಲನ ಜೀಪೊಂದೇ. ಹಳ್ಳದ ದಡಕ್ಕೆ ಬಂದದ್ದೇ ಅವನು ಜೀಪು ನಿಲ್ಲಿಸಿ ಇಳಿದ. ಕೋಲು ಹಿಡಿದು ಕೆಸರಿನ ಆಳ ನೋಡುತ್ತ ಆಚೆ ದಡದವರೆಗೂ ನಡೆದು ಹೋಗಿ ವಾಪಸು ಬಂದ.

ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ರೈತ ಸಿಡಿದುಬಿದ್ದ. "ಇಲ್ಲಿ ಜೀವ ಹೋಗ್ತಾ ಇದೆ, ನೀನು ಕೆಸರಲ್ಲಿ ಓಡಾಡ್ತಾ ಇದ್ದೀಯಲ್ಲ."

"ಹೂತ್ರೆ ಸಂಜೆವರೆಗೂ ಇಲ್ಲೇ ಕೂರಬೇಕಾಗ್ತದೆ, ಯಜಮಾನ್ರೇ," ಎಂದ ಚಾಲಕ.

ಗಟ್ಟಿ ನೆಲದ ಮೇಲೆ ನಿಂತಿರುವಾಗಲೇ ತಗ್ಗಿನ ಗೇರು ಹಾಕಿದ, ಲಾಕ್ ಹಾಕಿದ. ಸ್ಟೀರಿಂಗ್ ನೆಟ್ಟಗೆ ಹಿಡಿದು ಒಂದೇ ವೇಗದಲ್ಲಿ ಕೆಸರಿಗಿಳಿದ. ಆಕ್ಸಿಲರೇಟರ್ ಒತ್ತಿ ಅಬ್ಬರಿಸಲಿಲ್ಲ, ಬ್ರೇಕ್ ಮುಟ್ಟಲಿಲ್ಲ. ನಡುಹಳ್ಳದಲ್ಲಿ ಒಂದು ಚಕ್ರ ಜಾರಿತು; ಅದರ ಜೋಡಿ ನೆಲ ಕಚ್ಚಿ ಎಳೆಯಿತು. ಜೀಪು ಆಚೆ ದಡ ಹತ್ತಿತು. ರೈತನಿಗೆ ಹೋದ ಉಸಿರು ಬಂದಂತಾಯಿತು.

ಮೊದಲ ತಿರುವು ಇನ್ನೂ ನೂರು ಮಾರು ದೂರವಿತ್ತು. ಚಾಲಕ ಮತ್ತೆ ಜೀಪು ನಿಲ್ಲಿಸಿದ.

"ದಾಟಿಸಿದ್ದು ಆ ಲಾಕ್ ತಾನೆ? ಹಾಗೇ ಇರಲಿ ಬಿಡು, ನಡಿ," ಎಂದು ರೈತ ಅಂಗಲಾಚಿದ.

"ಕೆಸರಲ್ಲಿ ಕಾಪಾಡಿದ್ದೇ ತಿರುವಲ್ಲಿ ಕೊಲ್ತದೆ. ತಿರುವಲ್ಲಿ ಹೊರಗಿನ ಚಕ್ರ ಹೆಚ್ಚು ಓಡಬೇಕು. ಎರಡನ್ನೂ ಕಟ್ಟಿಹಾಕಿದ್ರೆ ಗಾಡಿ ತಿರುಗೋದಿಲ್ಲ, ನೆಟ್ಟಗೆ ಕಣಿವೆಗೆ ಹೋಗ್ತದೆ."

ಬಿಡಿಸಲು ಹೋದರೆ ಲಾಕ್ ತಕ್ಷಣ ಬಿಡಲಿಲ್ಲ. ಅವನು ಜೀಪನ್ನು ಒಂದು ಮೊಳ ಹಿಂದಕ್ಕೆ ತಂದ. ಕಟಕ್ಕೆಂದು ಬಿಟ್ಟಿತು. ಆಮೇಲೆ ಹನ್ನೊಂದು ತಿರುವುಗಳನ್ನೂ ಚಾಲಕ ನೀರು ಕುಡಿದಷ್ಟು ಸುಲಭವಾಗಿ ಇಳಿದ. ಟಾರು ರಸ್ತೆ ಸಿಕ್ಕಾಗ ನಾಲ್ಕು ಚಕ್ರದ ಎಳೆತವನ್ನೂ ಬಿಡಿಸಿ ಆಸ್ಪತ್ರೆಯ ಬಾಗಿಲಿಗೇ ಜೀಪು ತಂದ.

ಆಕೆ ಬದುಕಿದಳು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಹಿಗ್ಗು. ಐದನೆಯ ದಿನ ತನ್ನ ಕಾಲ ಮೇಲೆ ತಾನೇ ನಡೆದು ಬಂದು, ಅದೇ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಊರಿಗೆ ಹೋದಳು. ಸ್ಟ್ಯಾಂಡಿನ ಚಾಲಕರೆಲ್ಲ ಎದ್ದು ನಿಂತು ದಾರಿ ಬಿಟ್ಟರು. ಆ ಮಳೆಗಾಲ ಮುಗಿಯುವುದರೊಳಗೆ ಲಾಕ್ ಹಾಕಲು, ಬಿಡಿಸಲು ಹಳ್ಳದ ಎರಡೂ ದಡದಲ್ಲಿ ಪ್ರತಿಯೊಂದು ಜೀಪೂ ನಿಲ್ಲತೊಡಗಿತು. ಪುಕ್ಕಲ ಎಂಬ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತು.

"ತಿಳಿಯಿತು, ಗುರುಗಳೇ. ಅಣ್ಣ ಎದುರಿಗೆ ಬಂದ ದಿನ ಆಣೆ ಬಿಟ್ಟುಬಿಡುತ್ತೇನೆ," ಎಂದ.

"ಚಾಲಕ ತಿರುವಿಗೆ ಬಂದ ಮೇಲೆ ಜೀಪು ನಿಲ್ಲಿಸಿದನೆಂದು ನಾನು ಹೇಳಿದೆನೇ?" ಎಂದರು ಗುರುಗಳು.