ಬೀಗ ತೆಗೆಯುವ ಮುಖ

ಈ ಕತೆಯನ್ನು ನನಗೆ ಮೊದಲು ಹೇಳಿದವಳು ಶಿಡ್ಲಘಟ್ಟದ ಹಸೀನಾಬಿ. ನೂಲು ಬಿಚ್ಚುವ ಶೆಡ್ಡಿನಲ್ಲಿ ಕೂತು, ಕುದಿನೀರಲ್ಲಿ ಬೆಂದ ಗೂಡಿನಿಂದ ರೇಷ್ಮೆ ಎಳೆ ಬಿಚ್ಚುತ್ತ ಹೇಳಿದ್ದು. ಎಳೆ ತುಂಡಾದರೆ ಕತೆಯೂ ನಿಲ್ಲುತ್ತಿತ್ತು, ಎಳೆ ಸೇರಿದರೆ ಕತೆಯೂ ಮುಂದೆ.

ಒಬ್ಬಳು ತಾಯಿ, ಅವಳಿಗೊಬ್ಬ ಪೆದ್ದ ಮಗ. ತಾಯಿ ಅಕ್ಕಯ್ಯಮ್ಮ, ಅಂಥದೇ ಒಂದು ಶೆಡ್ಡಿನಲ್ಲಿ ನೂಲು ಬಿಚ್ಚುವವಳು. ಮಗ ಸೊಣ್ಣಪ್ಪ, ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು, ಅದೇ ಅವನ ರೋಗ. ದೊಡ್ಡ ಮಗಳು ತುಳಸಿ ಬೇರೆ ಜಾತಿಯವನನ್ನು ಕಟ್ಟಿಕೊಂಡು ಊರು ಬಿಟ್ಟಿದ್ದಳು. ಅಕ್ಕಯ್ಯಮ್ಮನ ಅಣ್ಣ ಬಯ್ಯಣ್ಣ, ಅವಳೆಲ್ಲಿದ್ದಾಳೆಂದು ಗೊತ್ತಾದ ದಿನ ಕಾಲು ಮುರಿದೇ ಬರುತ್ತೇನೆ ಅಂದಿದ್ದ. ತುಳಸಿಯ ನಂಬರು ಇದ್ದದ್ದು ತಾಯಿಯ ಫೋನಿನಲ್ಲಿ ಮಾತ್ರ. ಅದಕ್ಕೇ ಫೋನಿಗೆ ಬೀಗ ಬೇಕಾಯಿತು.

ಮೊಬೈಲ್ ಅಂಗಡಿಯವನು ಅಕ್ಕಯ್ಯಮ್ಮನ ಬೆರಳನ್ನೆಲ್ಲ ಒತ್ತಿಸಿ ನೋಡಿದ. ಕುದಿನೀರಲ್ಲಿ ಅದ್ದಿ ಅದ್ದಿ ಸವೆದ ಬೆರಳು, ಗೆರೆಯೇ ಇಲ್ಲ. ಕೊನೆಗೆ ಮಗನ ಹೆಬ್ಬೆಟ್ಟು ಕೊಟ್ಟರು. ದಾರಿಯಲ್ಲಿ ಅಕ್ಕಯ್ಯಮ್ಮ, ಇನ್ನು ಮೇಲೆ ಈ ಬೆರಳೇ ಬೀಗದ ಕೈ, ಮನೆ ಬೀಗದ ಕೈ ಇಟ್ಟುಕೊಂಡ ಹಾಗೆ ಇಟ್ಟುಕೋ ಅಂದಳು.

ಮನೆ ಬೀಗದ ಕೈ ಸೊಣ್ಣಪ್ಪನ ಉಡಿದಾರದಲ್ಲಿತ್ತು. ಹೆಬ್ಬೆಟ್ಟನ್ನೂ ಅದೇ ದಾರಕ್ಕೆ ಬಿಗಿದು ಕಟ್ಟಿಕೊಂಡ. ಸೋದರಮಾವನ ಮನೆಯ ತಿಥಿ ಊಟಕ್ಕೆ ಹಾಗೇ ಹೋದ. ಎಡಗೈಲಿ ಅನ್ನ ಕಲಸಿದ. ಪಕ್ಕದೆಲೆಯವರು ಎದ್ದರು, ಅವರ ಪಕ್ಕದವರೂ ಎದ್ದರು.

ತಾಯಿ ತಲೆ ಚಚ್ಚಿಕೊಂಡಳು. ಕೈ ಇರೋದು ಕಟ್ಟಿಕೊಳ್ಳೋಕಲ್ಲ, ದುಡಿಯೋಕೆ. ನನ್ನ ಕೈ ನೋಡು, ನಾನು ಮಾಡಿದ ಹಾಗೆ ಮಾಡು ಅಂದಳು.

ಮಾರನೆಯ ದಿನ ಸೊಣ್ಣಪ್ಪ ಶೆಡ್ಡಿಗೆ ಬಂದ. ತಾಯಿಯ ಕೈ ನೋಡಿದ. ಅವಳು ಬೆರಳ ತುದಿ ಅದ್ದಿ ತೆಗೆದಳು, ಅವನು ಹೆಬ್ಬೆಟ್ಟು ಅದ್ದಿದ, ತೆಗೆಯುವುದು ಮರೆತ. ಚರ್ಮ ಸುಲಿದು ಬಂತು. ಆ ಬೆರಳನ್ನು ಫೋನು ಗುರುತಿಸಲಿಲ್ಲ.

ಅಂಗಡಿಯವನು ತನಗಷ್ಟೇ ಗೊತ್ತಿದ್ದ ನಂಬರು ಹಾಕಿ ತೆಗೆದುಕೊಟ್ಟ. ಈ ಸಲ ಬೆರಳೇ ಬೇಡ, ಅಮ್ಮನ ಮುಖವೇ ಇರಲಿ ಅಂದ. ಮುಖ ನೋಡಿತು, ತೆಗೆಯಿತು. ಅಕ್ಕಯ್ಯಮ್ಮನಿಗೆ ನಗು ಬಂತು.

"ನೋಡೋ, ಇದಕ್ಕಿರೋ ಬುದ್ಧಿ ನಿನಗಿಲ್ಲ. ಇದನ್ನ ನೋಡಿ ಕಲಿ. ಮುಖ ಒಪ್ಪಿದರೆ ಬೀಗ ತೆಗಿ, ಒಪ್ಪದಿದ್ದರೆ ತೆಗೀಬೇಡ."

ಸೊಣ್ಣಪ್ಪ ಕಲಿತ. ಶ್ರಾವಣದ ಜಿನುಗು ಮಳೆಯ ದಿನಗಳು. ಹಲ್ಲುನೋವಿಗೆ ಅಕ್ಕಯ್ಯಮ್ಮನ ಕೆನ್ನೆ ಬೋಂಡದ ಹಾಗೆ ಊದಿತ್ತು. ಬೆಳಿಗ್ಗೆ ಫೋನು ಅವಳ ಮುಖ ಒಪ್ಪಲಿಲ್ಲ. ಸಂಜೆ ಅವಳು ನೆನೆದು ನಡುಗುತ್ತ ಬಂದು ಬಾಗಿಲು ತಟ್ಟಿದಳು. ಸೊಣ್ಣಪ್ಪ ಕಿಟಕಿಯಲ್ಲಿ ಇಣುಕಿ ನೋಡಿದ. ಧ್ವನಿ ಅಮ್ಮನದೇ, ಸೀರೆಯೂ ಅಮ್ಮನದೇ.

"ಮುಖ ಒಪ್ಪಲಿಲ್ಲಮ್ಮ," ಅಂದ. "ಫೋನೇ ಒಪ್ಪಲಿಲ್ಲ, ನಾನು ಹೆಂಗೆ ಒಪ್ಪಲಿ?"

ಅವಳು ಬೈದಳು, ಬೇಡಿಕೊಂಡಳು, ಕೊನೆಗೆ ಗೋಡೆಗೊರಗಿ ಕೂತಳು. ಕತ್ತಲಾದ ಮೇಲೆ ಬಯ್ಯಣ್ಣ ಬಂದು ಬಾಗಿಲು ಒದ್ದು ತೆಗೆಸಿದ. ಅಷ್ಟರಲ್ಲಿ ಅವಳ ಮೈ ಕೆಂಡವಾಗಿತ್ತು.

ಜ್ವರ ಇಳಿಯಲಿಲ್ಲ. ಅಂಗಡಿಯವನು ಮನೆಗೇ ಬಂದು ಊದಿದ ಮುಖವನ್ನು ಫೋನಿಗೆ ಹೊಸದಾಗಿ ತೋರಿಸಿ ಹೋದ. ಅಕ್ಕಯ್ಯಮ್ಮ ಮಗಳೊಂದಿಗೆ ಪಿಸುಮಾತಲ್ಲಿ ಮಾತಾಡಿದಳು. ತುಳಸಿ ಭಾನುವಾರ ಮಗುವನ್ನೆತ್ತಿಕೊಂಡು ಬರುತ್ತಾಳೆ, ಬಸ್‌ಸ್ಟ್ಯಾಂಡಿನಿಂದ ಫೋನು ಮಾಡುತ್ತಾಳೆ. ಎತ್ತಿದರೆ ಮನೆಗೆ ಬರುತ್ತಾಳೆ. ಎತ್ತದಿದ್ದರೆ ಮಾವ ಮನೆಯಲ್ಲಿದ್ದಾನೆಂದು ತಿಳಿದು ಬಂದ ಬಸ್ಸಿಗೇ ಹಿಂತಿರುಗುತ್ತಾಳೆ. ಮೊಮ್ಮಗುವನ್ನು ಅಕ್ಕಯ್ಯಮ್ಮ ಇನ್ನೂ ಕಂಡಿರಲಿಲ್ಲ.

ಮಗನನ್ನು ಹತ್ತಿರ ಕರೆದಳು. ಬೈಯುವ ಶಕ್ತಿಯೂ ಇರಲಿಲ್ಲ.

"ಬಾಗಿಲಲ್ಲಿ ನನಗೆ ಮಾಡಿದ್ದನ್ನ ಇನ್ಯಾರಿಗೂ ಮಾಡಬೇಡ ಕಣಪ್ಪ. ಫೋನು ಮಾತ್ರ ಯಾರ ಕೈಗೂ ಕೊಡಬೇಡ. ಬಡಕೊಂಡರೆ ನನ್ನ ಮುಖಕ್ಕೆ ಹಿಡಿ. ನಾನು ಬೀಗ ತೆಗೆದ ಮೇಲೇ ಮಾತು."

ಸೊಣ್ಣಪ್ಪ ತಲೆಯಾಡಿಸಿದ.

ಭಾನುವಾರ ಬೆಳಗಾಗುವಷ್ಟರಲ್ಲಿ ಅಕ್ಕಯ್ಯಮ್ಮ ಹೋಗಿಬಿಟ್ಟಳು. ಗದ್ದಕ್ಕೆ ಬಟ್ಟೆ ಕಟ್ಟಿ, ಮುಖಕ್ಕೆ ಅರಿಶಿನ ಬಳಿದು, ಹಣೆಗೆ ನಾಣ್ಯ ಇಟ್ಟರು. ಬಯ್ಯಣ್ಣ ಗುಂಡಿ ತೋಡಿಸಲು ಹೋದ. ಮನೆಯಲ್ಲಿ ಹೆಂಗಸರಷ್ಟೇ, ಮತ್ತೆ ಸೊಣ್ಣಪ್ಪ. ಆಗ ಅವನ ಜೇಬಿನಲ್ಲಿ ಫೋನು ಬಡಕೊಂಡಿತು.

ಅವನು ಹೊರತೆಗೆದ, ಮೇಲೆ ತುಳಸಿಯ ಹೆಸರಿತ್ತು. ಎಲ್ಲರಿಗೂ ಗೊತ್ತಾಯಿತು ಯಾರದೆಂದು. ಬೀಗ ಇದ್ದರೂ ಬಂದ ಫೋನು ಎತ್ತಬಹುದು ಕಣೋ, ಹಸಿರು ಗುರುತನ್ನು ಎಳಿ ಸಾಕು ಅಂದಳು ಒಬ್ಬಳು. ಇನ್ನೊಬ್ಬಳು ಕಸಿಯಲು ಬಂದಳು. ಸೊಣ್ಣಪ್ಪ ಎದೆಗವಚಿಕೊಂಡ. ಅಮ್ಮ ಹೇಳಿದ್ದಾಳೆ, ಅಮ್ಮ ಬೀಗ ತೆಗೆದ ಮೇಲೇ ಮಾತು ಅಂದ. ಬಗ್ಗಿ ತಾಯಿಯ ಮುಖಕ್ಕೆ ಹಿಡಿದ. ನಾಣ್ಯ ತೆಗೆದ. ಅರಿಶಿನ ಒರೆಸಿದ. ಗದ್ದದ ಬಟ್ಟೆ ಬಿಚ್ಚಿದ.

"ಕಣ್ಣು ಬಿಡಮ್ಮ. ಅಕ್ಕ ಕಾಯ್ತಾವ್ಳೆ."

ಫೋನು ಬಡಕೊಂಡಿತು, ಬಡಕೊಂಡಿತು, ಸುಮ್ಮನಾಯಿತು. ಸೊಣ್ಣಪ್ಪ ಕೈ ಇಳಿಸಲಿಲ್ಲ. ಇನ್ನೊಂದು ಸಲ ಬಡಕೊಂಡರೆ ಸರಿಯಾಗಿ ಕಾಣಲೆಂದು, ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿದ.

ಕೇಳಿದಿರಲ್ಲ, ನೀವೂ ಯಾರಿಗಾದರೂ ಹೇಳಿ. ತಿಥಿ ಊಟದ ಹತ್ತಿರ ಅವರು ನಗಲಿ, ಬಿಡಿ. ಆದರೆ ನಡುವೆ ನಿಲ್ಲಿಸಬೇಡಿ, ಕಿಟಕಿಯ ತನಕ ಹೇಳಿ.