ಇಪ್ಪತ್ತರ ಮಗ್ಗಿಯ ಕೊಳಗ

"ರಾಗಿ ಅಳೆಯೋಕೆ ಕೊಳಗ. ಮಕ್ಕಳಿಗೆ ಓದು ಕಲಿಸೋ ಮಠದ ಅಯ್ಯಗಳನ್ನು ಅಳೆಯೋಕೆ ಇಪ್ಪತ್ತರ ಮಗ್ಗಿ" ಎಂದ ಕೆಂಗುಡ್ಡದ ಪಾಳೆಯಗಾರ ಬೊಮ್ಮಣ್ಣ ನಾಯಕ. ಉಪಾಯ ಹೇಳಿಕೊಟ್ಟ ಆಸ್ಥಾನದ ಪಂಡಿತ ವೆಂಕಣ್ಣಾಚಾರ್ಯ ಶಾಲು ಸರಿಮಾಡಿಕೊಂಡ.

ಡಂಗುರ ಸಾರಿದರು. ಸೀಮೆಯ ಯಾವ ಮಠದ ಮಕ್ಕಳು ಇಪ್ಪತ್ತರ ಮಗ್ಗಿ ಒಪ್ಪಿಸುವುದಿಲ್ಲವೋ ಆ ಮಠದ ಅಯ್ಯನ ಇನಾಮು ಹೊಲ ಅರಮನೆಗೆ.

ಪೇಟೆ ಮಠದ ಮಕ್ಕಳು ಶಾನುಭೋಗರ, ಸೆಟ್ಟರ ಮನೆಯವು. ಮನೆಯಲ್ಲೇ ಕಲಿತು ಬಂದಿದ್ದವು. ನಾಯಕನ ಸಭೆಯಲ್ಲಿ ಗಿಳಿಗಳ ಹಾಗೆ ಒಪ್ಪಿಸಿದವು. ಕುರಿಹಟ್ಟಿಯ ಮಕ್ಕಳು ಹನ್ನೆರಡರ ಮಗ್ಗಿಗೆ ನಿಂತವು.

"ದೊರೆ, ದೀವಳಿಗೆಯಲ್ಲಿ ಮಠಕ್ಕೆ ಬಂದಾಗ ಇವು ಮಗ್ಗಿ ಅಂದರೆ ತಿನ್ನೋದಾ ಅಂತ ಕೇಳಿದ್ದವು" ಎಂದ ಅವರ ಅಯ್ಯ ಗುರುಪಾದಯ್ಯ.

"ಬಂದಾಗ ಹೇಗಿದ್ದವು ಅನ್ನೋದು ಯಾರಿಗೆ ಬೇಕು? ಈಗ ಎಷ್ಟು ಬರುತ್ತೆ? ಅಷ್ಟೇ" ಎಂದ ನಾಯಕ.

ಹೊಲ ಹೋದರೆ ಗುರುಪಾದಯ್ಯನ ಒಲೆ ಹೊತ್ತುವುದಿಲ್ಲ. ಮಠವೂ ಉಳಿಯುವುದಿಲ್ಲ.

ಆಸ್ಥಾನದ ವಿದೂಷಕ ಚೌಡಯ್ಯ ಅಡಿಕೆ ಕತ್ತರಿಸುತ್ತ ಕೂತಿದ್ದ. ನಾಯಕ ತನ್ನ ಮಾತೊಂದನ್ನು ಬಿಟ್ಟರೆ ಯಾರ ಮಾತನ್ನೂ ಕೇಳುವವನಲ್ಲ. ಅದು ಚೌಡಯ್ಯನಿಗೆ ಗೊತ್ತಿತ್ತು. ವಾದ ಮಾಡಲಿಲ್ಲ.

"ದೊರೆ, ಒಪ್ಪಿಸೋದು ಇನ್ನೊಂದು ಮಠ ಉಳಿಯಿತು."

"ಯಾವುದಯ್ಯಾ?"

"ಅರಮನೆಯದು. ಅಯ್ಯ ನಮ್ಮ ಆಚಾರ್ಯರು. ಓದುವವರು ಚಿಕ್ಕ ದೊರೆ ಒಬ್ಬರೇ."

ಆಚಾರ್ಯನ ಶಾಲು ಜಾರಿತು. ನಾಯಕ ಹೆಮ್ಮೆಯಿಂದ ಮಗನನ್ನು ಕರೆಸಿದ. ಹುಡುಗ ಏಳರ ಮಗ್ಗಿಯವರೆಗೆ ಬಂದು ತೊಲೆ ನೋಡುತ್ತ ನಿಂತ.

"ಅಲ್ಲಿಗೆ ಆಚಾರ್ಯರ ಹೊಲವೂ ಅರಮನೆಗೆ" ಎಂದ ಚೌಡಯ್ಯ.

"ಏಯ್, ತಡಿ!" ನಾಯಕ ಎದ್ದು ನಿಂತ. "ಹೋದ ಯುಗಾದಿಗೆ ಇವನಿಗೆ ಎರಡರ ಮಗ್ಗಿ ಬರ್ತಿರಲಿಲ್ಲ. ಈಗ ಏಳು! ಎಲ್ಲಿಂದ ಹೊರಟ, ಎಲ್ಲಿಗೆ ಬಂದ ಅಂತ ನೋಡಬೇಡವಾ? ಬರೀ ಇಪ್ಪತ್ತು ಇಪ್ಪತ್ತು ಅಂದರೆ ಅದೊಂದು ಅಳತೆಯೇನಯ್ಯಾ?"

ಚೌಡಯ್ಯ ಡಂಗುರದವನ ಕಡೆ ತಿರುಗಿದ. "ಕೇಳಿಸಿತಲ್ಲ, ದೊರೆಯ ಹೊಸ ಅಪ್ಪಣೆ? ಮೊದಲು ಕುರಿಹಟ್ಟಿಯಲ್ಲಿ ಸಾರು."

ನಾಯಕ ಗುರುಪಾದಯ್ಯನನ್ನು ನೋಡಿದ, ಮಗನನ್ನು ನೋಡಿದ, ಕೂತ.

"ಹೊಲ ಇಟ್ಟುಕೊಳ್ಳಯ್ಯ" ಎಂದ ಗುರುಪಾದಯ್ಯನಿಗೆ. ಆಮೇಲೆ ಚೌಡಯ್ಯನ ಕಡೆ ಕಣ್ಣು ಕೆಕ್ಕರಿಸಿದ. "ಅಂದರೆ ಆ ಹಟ್ಟಿಯ ಮಕ್ಕಳು ನನ್ನ ಮಗನಿಗಿಂತ ಮುಂದೆ ಅಂತೀಯೇನು?"

ಚೌಡಯ್ಯ ಅಡಿಕೆ ಬಾಯಿಗೆ ಹಾಕಿಕೊಂಡ.

"ಅವರದು ಹನ್ನೆರಡು, ಇವರದು ಏಳು. ಯಾವುದು ದೊಡ್ಡದು ಅಂತ ಹೇಳೋಕೆ ನಾನು ಮಗ್ಗಿ ಕಲಿತವನಲ್ಲ, ದೊರೆ."

ನಾಯಕನ ನಗು ಕೋಟೆ ಬಾಗಿಲಿಗೆ ಕೇಳಿಸಿತು. ಆಚಾರ್ಯ ನಗಲಿಲ್ಲ. ಚಿಕ್ಕ ದೊರೆಯನ್ನು ಪಕ್ಕಕ್ಕೆ ಕರೆದು ಎಂಟರ ಮಗ್ಗಿ ಶುರುಮಾಡಿದ.