ಎರಡು ಸೆಟ್ಟುಗಳ ನಡುವಿನ ಮಾತು

ಶಿಷ್ಯ ನಿರಂಜನ ಸಿಡುಕಿನಿಂದಲೇ ಕೇಳಿದ: "ಗುರುಗಳೇ, ಇಬ್ಬರು ತಮ್ಮ ಪಾಡಿಗೆ ತಾವು ಮಾತಾಡಿಕೊಂಡರೆ ಮೂರನೆಯವನಿಗೆ ಏನು ಅನ್ಯಾಯವಾದೀತು? ಅದಕ್ಕೂ ಕಟ್ಟಳೆ ಏಕೆ?"

ಗುರುಗಳು ಈ ಕತೆ ಹೇಳಿದರು.

ಕಡಲತಡಿಯ ಒಂದು ಊರಿನಲ್ಲಿ ಲೋಲಾಕ್ಷಿ ಎಂಬ ಹೆಂಗಸು ವೈರ್‌ಲೆಸ್ ಟವರಿನ ಕೆಲಸ ನೋಡಿಕೊಳ್ಳುತ್ತಿದ್ದಳು. ಪ್ರತಿ ದೋಣಿಯಲ್ಲೂ ಮಾತಾಡುವ ಒಂದು ವೈರ್‌ಲೆಸ್ ಸೆಟ್ಟು ಇತ್ತು. ದೂರದ ದೋಣಿಯ ಮಾತು ಟವರಿನ ಮೂಲಕ ದಡ ಸೇರುತ್ತಿತ್ತು. ಹತ್ತಿರವಿರುವ ಎರಡು ದೋಣಿಗಳು ಟವರಿನ ಹಂಗಿಲ್ಲದೆ ನೇರವಾಗಿ ಮಾತಾಡಬಹುದಿತ್ತು. ಆದರೆ ಎಲ್ಲರ ಮಾತೂ ಒಂದೇ ತರಂಗದ ಮೇಲೆ ಹೋಗಬೇಕು; ಹತ್ತಿರದ ಜೋರು ಮಾತು ದೂರದ ಸಣ್ಣ ದನಿಯನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ನೇರವಾಗಿ ಮಾತಾಡುವವರು ಸೆಟ್ಟಿನ ಪವರ್ ತಗ್ಗಿಸಿಕೊಳ್ಳಬೇಕು ಎಂಬುದು ಕಟ್ಟಳೆ. ಎಷ್ಟು ತಗ್ಗಿಸಬೇಕೆಂದು ಟವರೇ ತಿಳಿಸುತ್ತಿತ್ತು. ಸೆಟ್ಟು ಅದರಂತೆ ನಡೆಯುತ್ತಿತ್ತು.

ಎರಡು ದೊಡ್ಡ ದೋಣಿಗಳ ಒಡೆಯರಾದ ಅಣ್ಣತಮ್ಮಂದಿರಿಗೆ ಇದು ಹಿಡಿಸಲಿಲ್ಲ. ಪವರ್ ತಗ್ಗಿದರೆ ದೋಣಿಗಳು ಕೊಂಚ ದೂರ ಸರಿದ ಕೂಡಲೇ ಮಾತು ಕಡಿದುಹೋಗುತ್ತಿತ್ತು. ಟವರಿನ ಮೂಲಕ ಮಾತಾಡಿದರೆ ಮೀನು ಎಲ್ಲಿದೆ ಎಂಬುದು ಹತ್ತು ಕಿವಿಗೆ ಬೀಳುತ್ತಿತ್ತು. ಅವರು ರಿಪೇರಿಯವನೊಬ್ಬನನ್ನು ಹಿಡಿದು, ಟವರಿನ ಅಪ್ಪಣೆಗೆ ಬಗ್ಗದಂತೆ ಸೆಟ್ಟುಗಳನ್ನು ಬದಲಿಸಿಕೊಂಡರು.

ಒಂದು ಬೆಳಿಗ್ಗೆ ದಡದ ಹತ್ತಿರವೇ ಅವರಿಗೆ ಬಂಗುಡೆ ಮೀನಿನ ಹಿಂಡು ಸಿಕ್ಕಿತು. ಬಲೆ ಬಿಡು, ಎಡಕ್ಕೆ ತಿರುಗಿಸು ಎಂದು ಇಬ್ಬರೂ ಪೂರಾ ಪವರಿನಲ್ಲಿ ಮಾತಿಗಿಳಿದರು. ಅದೇ ಹೊತ್ತಿಗೆ ಬಹುದೂರದಲ್ಲಿ ದೂಮಪ್ಪ ಎಂಬ ಮೀನುಗಾರ ಮತ್ತು ಅವನ ಭಾವ ಇದ್ದ ಸಣ್ಣ ದೋಣಿಯ ಹಲಗೆ ಬಿರಿದು ನೀರು ಒಳನುಗ್ಗಿತು. ದೂಮಪ್ಪ ಸೆಟ್ಟಿನಲ್ಲಿ ಕೂಗಿದ. ಟವರ್ ಮುಟ್ಟುವಷ್ಟರಲ್ಲಿ ಅವನ ದನಿ ನೂಲಿನಷ್ಟಾಗಿತ್ತು. ಲೋಲಾಕ್ಷಿಗೆ ಯಾರೋ ಕರೆದಂತೆ ಕೇಳಿಸಿತು, ಅಷ್ಟೆ. ಉಳಿದದ್ದು ಅಣ್ಣತಮ್ಮಂದಿರ ಮಾತಿನಡಿ ಮುಚ್ಚಿಹೋಯಿತು.

ಅವಳು ಅವರನ್ನು ಕರೆದಳು. "ಅಣ್ಣಾ, ಪವರ್ ತಗ್ಗಿಸಿ. ದೂರದಿಂದ ಯಾರೋ ಕರೆಯುತ್ತಿದ್ದಾರೆ, ಕೇಳಿಸುತ್ತಿಲ್ಲ."

ಅಣ್ಣ ರೇಗಿದ. "ನಿಮ್ಮ ಟವರಿನ ತಂಟೆಗೆ ನಾವು ಬಂದಿಲ್ಲ. ನಾವಿಬ್ಬರು ಮಾತಾಡಿದರೆ ನಿಮಗೇನು ಮಾರಾಯ್ತಿ ಕಷ್ಟ?"

ರಕ್ಷಣೆಯ ದೋಣಿ ಸಿದ್ಧವಾಗಿತ್ತು. ಯಾವ ದಿಕ್ಕಿಗೆ ಕಳಿಸುವುದೆಂದು ಲೋಲಾಕ್ಷಿಗೆ ತಿಳಿಯಲಿಲ್ಲ. ಅವಳು ಸೆಟ್ಟಿಗೆ ಕಿವಿಯೊತ್ತಿ ಕುಳಿತಳು; ಬಂಗುಡೆಯ ಮಾತೇ ಕೇಳುತ್ತಿತ್ತು. ಬಲೆ ಮೇಲೆ ಬಂತು. ಅವರ ಮಾತು ನಿಂತಿತು. ಆಗ ಅವಳು ಮತ್ತೆ ಮತ್ತೆ ಕರೆದಳು. ಯಾರೂ ಉತ್ತರಿಸಲಿಲ್ಲ.

ಮಧ್ಯಾಹ್ನ ಬೇರೆ ದೋಣಿಯವರು ದೂಮಪ್ಪನ ಭಾವನನ್ನು ಹಲಗೆಯೊಂದರ ಮೇಲೆ ಕಂಡು ಎತ್ತಿ ತಂದರು. ದೂಮಪ್ಪ ಸಿಗಲಿಲ್ಲ. ಅರ್ಧ ಗಂಟೆ ಅವನು ಕೂಗಿದನೆಂದೂ ಪ್ರತಿ ಸಲವೂ ಜಾಗದ ಹೆಸರು ಹೇಳಿದನೆಂದೂ ಭಾವ ತಿಳಿಸಿದ.

ಮರುದಿನ ದೋಣಿಕಟ್ಟೆಯಲ್ಲಿ ಊರು ಸೇರಿತು. ಅಣ್ಣತಮ್ಮಂದಿರು ಎದೆಯುಬ್ಬಿಸಿಯೇ ನಿಂತರು. "ನಾವು ದೂಮಪ್ಪನ ಸುದ್ದಿಗೇ ಹೋದವರಲ್ಲ. ಅವನು ಎಲ್ಲಿದ್ದ ಎಂಬುದೂ ನಮಗೆ ತಿಳಿಯದು." ಹಿರಿಯರು ಅದೂ ಹೌದೆಂಬಂತೆ ತಲೆಯಾಡಿಸಿದರು.

ಲೋಲಾಕ್ಷಿ ಮುಂದೆ ಬಂದಳು. "ನಿಮ್ಮ ಬಲೆಯಲ್ಲಿ ಎಷ್ಟು ಬುಟ್ಟಿ ಬಂಗುಡೆ ಬಿತ್ತೆಂದು ನಾನು ಹೇಳಬಲ್ಲೆ! ಯಾರು ನಕ್ಕಿರಿ, ಯಾವಾಗ ನಕ್ಕಿರಿ, ಅದನ್ನೂ ಹೇಳಬಲ್ಲೆ! ಸಾಯುವವನು ಹೇಳಿದ ಒಂದು ಜಾಗದ ಹೆಸರು ನನಗೆ ಕೇಳಿಸಲಿಲ್ಲ!"

ಯಾರ ಅಪ್ಪಣೆಗೂ ಕಾಯದೆ ಅವಳು ಅವರ ದೋಣಿಗಳಿಗೆ ಇಳಿದಳು. ಎರಡೂ ಸೆಟ್ಟುಗಳನ್ನು ಬುಡಸಮೇತ ಕಿತ್ತು ತಂದು ಹಿರಿಯರ ಮುಂದೆ ಇಟ್ಟಳು. ತಡೆಯಲು ಯಾರಿಗೂ ಧೈರ್ಯವಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿರಂಜನ ಇನ್ನೂ ಒಪ್ಪಲಿಲ್ಲ. "ಆದರೂ ಅವನು ಮುಳುಗುತ್ತಿದ್ದಾನೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲವಲ್ಲ, ಗುರುಗಳೇ?"

"ಗೊತ್ತಾಗಬೇಕಾದರೆ ಅವರು ಒಂದು ನಿಮಿಷ ಬಾಯಿ ಮುಚ್ಚಬೇಕಿತ್ತು" ಎಂದರು ಗುರುಗಳು.